ಮಾರ್ಚ್ ಮೂರಕ್ಕೆ ವಾಪಸು ಬಂದ ಪುಸ್ತಕ

ಗ್ರಂಥಾಲಯದ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪುಸ್ತಕಗಳಿಗೆ ತಾರೀಖಿನ ಸೀಲು ಒತ್ತುತ್ತಾ ಬಂದವಳನ್ನು ಓದುಗರೆಲ್ಲ ಸೀಲಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಎಲ್ಲದರಲ್ಲೂ ಮೂಗು ತೂರಿಸುವುದು ಅವಳ ಹುಟ್ಟುಗುಣ. ಯಾರು ಏನು ಓದುತ್ತಾರೆ, ಯಾರು ಅರ್ಧಕ್ಕೇ ಬಿಡುತ್ತಾರೆ, ಎಲ್ಲ ಬೇಕು ಅವಳಿಗೆ. ಆ ಗುಣವೇ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಅವಳನ್ನು ಪಿಎಚ್.ಡಿ.ಗೆ ದೂಡಿತು. ಜನ ಪುಸ್ತಕಗಳನ್ನು ಯಾಕೆ ತಡವಾಗಿ ಹಿಂದಿರುಗಿಸುತ್ತಾರೆ ಎನ್ನುವುದೇ ಅವಳ ವಿಷಯ.

“ತಡ ಮಾಡೋರ ಬಗ್ಗೆ ಬರೀತಾ ಬರೀತಾ ನೀನೇ ಒಂಬತ್ತು ವರ್ಷ ತಡ ಮಾಡ್ದೆ ನೋಡು,” ಎಂದು ಗಂಡ ಕಾಲೆಳೆಯುತ್ತಿದ್ದ. ಈಗ ಉಳಿದಿದ್ದು ಕೊನೆಯ ಅಧ್ಯಾಯವೊಂದೇ. ಶುಕ್ರವಾರದ ಗಡುವು ತಪ್ಪಿದರೆ ಒಂಬತ್ತು ವರ್ಷದ ದುಡಿಮೆ ನೀರಲ್ಲಿ ಹೋಮ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಳು. ಅವಳ ಮುದ್ದಿನ ಸಂಶೋಧನೆ ಇದ್ದದ್ದು ನಾಲ್ಕನೆಯ ಅಧ್ಯಾಯದಲ್ಲಿ. ಎಂಟು ವರ್ಷದ ಹಿಂದೆ ಒಂದು ಮಾರ್ಚಿನಲ್ಲಿ ಬರಬೇಕಿದ್ದ ಪುಸ್ತಕಗಳು ರಾಶಿ ರಾಶಿಯಾಗಿ ಏಪ್ರಿಲ್‌ನಲ್ಲಿ ಬಂದಿದ್ದವು. ಮಕ್ಕಳ ಪರೀಕ್ಷೆ ಬಂದರೆ ಇಡೀ ಮನೆ ಪುಸ್ತಕ ಮರೆಯುತ್ತದೆ ಎಂದು ಅದಕ್ಕೆ ನಲವತ್ತು ಪುಟದ ಕಾರಣ ಕೊಟ್ಟಿದ್ದಳು. ಕೊನೆಯ ಅಧ್ಯಾಯ ನಿಲ್ಲಬೇಕಾದದ್ದು ಅದರ ಮೇಲೆಯೇ.

ಉದಾಹರಣೆಗಿರಲೆಂದು ಆ ವರ್ಷದ ಒಂದು ದಪ್ಪ ಕಾದಂಬರಿಯನ್ನು ತೆರೆದು, ಹಿಂದೆ ಅಂಟಿಸಿದ್ದ ತಾರೀಖಿನ ಚೀಟಿ ನೋಡಿದಳು. ವಾಪಸು ಬಂದದ್ದು ಏಪ್ರಿಲ್ ಮೂರು. ಸರಿ. ಅದರ ಕೆಳಗಿನ ಸಾಲಿನಲ್ಲಿ ಮುಂದಿನವರು ಅದನ್ನು ಒಯ್ದದ್ದು ಮಾರ್ಚ್ ಹತ್ತು.

ಅವಳು ಕನ್ನಡಕ ಒರೆಸಿಕೊಂಡಳು. ಏಪ್ರಿಲ್‌ನಲ್ಲಿ ಬಂದ ಪುಸ್ತಕ ಮಾರ್ಚಿನಲ್ಲೇ ಇನ್ನೊಬ್ಬರ ಮನೆಗೆ ಹೋದದ್ದು ಹೇಗೆ? ಇಷ್ಟು ವರ್ಷ ಪ್ರತಿ ಸಾಲನ್ನೂ ಅಡ್ಡಡ್ಡ ಓದಿದ್ದಳೇ ಹೊರತು ಒಂದು ಸಾಲಿನಿಂದ ಕೆಳಗಿನ ಸಾಲಿಗೆ ಕಣ್ಣು ಇಳಿಸಿರಲಿಲ್ಲ. ಇನ್ನೊಂದು ಪುಸ್ತಕ ತೆರೆದಳು, ಮತ್ತೊಂದು. ಕಾಫಿ ಆರಿಹೋಯಿತು. ಹನ್ನೆರಡು ದಿನದ ವಾಪಸು ಸೀಲುಗಳೆಲ್ಲ ಒಂದು ತಿಂಗಳು ಮುಂದಿದ್ದವು.

ಆಗ ನೆನಪಾಯಿತು. ಆ ಮಾರ್ಚ್ ಒಂದರಂದು ವಾಪಸು ಸೀಲಿನ ತಿಂಗಳ ಗಾಲಿ ಒಣಗಿದ ಶಾಯಿಗೆ ಕಚ್ಚಿಕೊಂಡಿತ್ತು. ಪಿನ್ನಿನಿಂದ ಮೀಟಿದಾಗ ಅದು ಒಂದರ ಬದಲು ಎರಡು ಮನೆ ಜಾರಿ ಏಪ್ರಿಲ್‌ನಲ್ಲಿ ಕೂತಿತ್ತು. ಹನ್ನೆರಡನೆಯ ದಿನ ಗಮನಿಸಿ, ಯಾರಿಗೂ ಹೇಳದೆ ಸರಿಮಾಡಿ, ಮರೆತೂಬಿಟ್ಟಿದ್ದಳು. ವರ್ಷದ ಕೊನೆಗೆ ಅದೇ ಚೀಟಿಗಳನ್ನು ನೋಡಿ, ತಿಂಗಳು ತಡ ಮಾಡಿದವರ ಕಾರ್ಡುಗಳನ್ನು ರದ್ದು ಮಾಡಿದ್ದೂ ಅವಳೇ.

ಅವರಲ್ಲಿ ಈ ದಪ್ಪ ಕಾದಂಬರಿ ಒಯ್ದಿದ್ದ ಎದುರು ಬೀದಿಯ ದರ್ಜಿಯೂ ಒಬ್ಬರು. ಹೇಳಿದ ದಿನಕ್ಕೇ ಬಟ್ಟೆ ಕೊಡುವ ದರ್ಜಿ. ಅಂಥವರು ಎಷ್ಟು ಜನ ಸಿಕ್ಕಾರು? “ನಾನು ಮೂರನೇ ತಾರೀಖೇ ಕೊಟ್ಟೆ ಕಣಮ್ಮ,” ಎಂದಿದ್ದರು. “ಸೀಲು ಸುಳ್ಳು ಹೇಳುತ್ತಾ ಸ್ವಾಮಿ?” ಎಂದು ಹತ್ತು ಜನರೆದುರು ಅವಳು ಗದರಿದ್ದಳು. ಅವರು ಮತ್ತೆ ಗ್ರಂಥಾಲಯದ ಮೆಟ್ಟಿಲು ಹತ್ತಲಿಲ್ಲ.

ಮಾರ್ಗದರ್ಶಕರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು.

“ಆ ಹನ್ನೆರಡು ದಿನ ತೆಗೆದ್ರೆ ನಾಲ್ಕನೇ ಅಧ್ಯಾಯ ನಿಲ್ಲುತ್ತೇನ್ರೀ?”

“ಇಲ್ಲ ಸರ್, ಮಕಾಡೆ ಬೀಳುತ್ತೆ.”

ಅವರು ನಿಟ್ಟುಸಿರು ಬಿಟ್ಟರು. “ಹಾಗಾದ್ರೆ ಸುಮ್ನಿದ್ಬಿಡಿ. ಆ ಚೀಟಿಗಳನ್ನ ಯಾರು ತಿರುವಿ ನೋಡ್ತಾರೆ? ಇದನ್ನ ಬರೆದ್ರೆ ಪದವಿ ಸಿಗುತ್ತೆ ಅಂತ ನಾನು ಮಾತು ಕೊಡಲಾರೆ.”

ಸುಮ್ಮನಿರುವ ಆಸೆ ಅವಳಿಗೂ ಇತ್ತು, ಸುಳ್ಳೇಕೆ? ಆದರೆ ಹಾಳು ಕುತೂಹಲ ಬಿಡಬೇಕಲ್ಲ. ತಡ ಮಾಡದೆಯೇ ತಡ ಮಾಡಿದವರ ಪಟ್ಟಿಗೆ ಸೇರಿದವರು ಎಷ್ಟು ಜನ? ಎಣಿಸಿದಳು. ಇನ್ನೂರ ಆರು. ನಾಲ್ಕನೆಯ ಅಧ್ಯಾಯಕ್ಕೆ ಅಡ್ಡಗೆರೆ ಎಳೆದು, ಕೊನೆಯ ಅಧ್ಯಾಯದಲ್ಲಿ ಗಾಲಿ, ಪಿನ್ನು, ತನ್ನ ಮೌನ ಎಲ್ಲವನ್ನೂ ಬರೆದಳು. ಶುಕ್ರವಾರ ನಾಲ್ಕು ಗಂಟೆಗೆ ಪ್ರಬಂಧ ಒಪ್ಪಿಸಿದಳು. ಪದವಿ ಬರುತ್ತದೋ ಇಲ್ಲವೋ, ಅದು ಪರೀಕ್ಷಕರ ಕೈಯಲ್ಲಿತ್ತು.

ಶನಿವಾರ ಆ ಅಧ್ಯಾಯದ ಪ್ರತಿಯನ್ನೂ ಕಾದಂಬರಿಯನ್ನೂ ಚೀಲಕ್ಕೆ ಹಾಕಿಕೊಂಡು ದರ್ಜಿಯ ಅಂಗಡಿಗೆ ಹೋದಳು. ಅವರಿಗೀಗ ಕಣ್ಣು ಮಂಜು. ಗುಂಡಿ ಹೊಲಿಯುವುದಷ್ಟೇ ಕೆಲಸ. ಅವಳು ನಿಂತೇ ಅಧ್ಯಾಯವನ್ನು ಓದಿ ಹೇಳಿದಳು. “ತಪ್ಪು ನಂದು ಯಜಮಾನ್ರೇ,” ಎಂದು ಕಾದಂಬರಿಯನ್ನು ಅವರ ಮುಂದಿಟ್ಟಳು.

ಅವರು ಕಾದಂಬರಿಯ ರಟ್ಟನ್ನು ಸವರಿದರು. ಆಮೇಲೆ, “ಇದರ ಕೊನೇ ಅಧ್ಯಾಯ ನಾನು ಓದಿರ್ಲಿಲ್ಲ ಕಣಮ್ಮ,” ಎಂದರು.

“ಯಾಕೆ?”

“ವಾಪಸು ಕೊಡೋ ದಿನ ಬಂದಿತ್ತಲ್ಲ. ಕೊಟ್ಬಿಟ್ಟೆ.”

ಅವಳು ಪುಸ್ತಕವನ್ನು ಅವರ ಕೈಗೆ ಒತ್ತಿದಳು. “ಇಟ್ಕೊಳ್ಳಿ. ಮೊಮ್ಮಕ್ಕಳ ಕೈಲಿ ಓದಿಸ್ಕೊಳ್ಳಿ. ಯಾವಾಗಾದ್ರೂ ಕೊಟ್ರಾಯ್ತು,” ಎಂದಳು.

ಅವರು ಪುಸ್ತಕವನ್ನು ಮೆಲ್ಲಗೆ ಅವಳತ್ತ ತಳ್ಳಿದರು.

“ಹಾಗೆಲ್ಲ ಆಗಲ್ಲಮ್ಮ. ತಾರೀಖು ಹಾಕ್ಕೊಡು.”