ಹಾಡಿನ ಸಾಲುಗಳ ನಡುವಿನ ಜಾಗ

ಕೆಲಸಕ್ಕೆ ಕೂರುವ ಮುಂಚೆ ಅಕ್ಕ ಎಡಗಿವಿಯ ಹಿಂದಿನಿಂದ ಕಿವಿ ಕೇಳಿಸುವ ಮೆಷಿನ್ ತೆಗೆದು, ಸೆರಗಿನಿಂದ ಒರೆಸಿ, ಊಟದ ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಿದ್ದರು. ಕಡಲೆಬೀಜದಷ್ಟು ದೊಡ್ಡದು ಅದು, ಮೈಬಣ್ಣದ್ದು. ಅಲ್ಲಿಂದ ಸಂಜೆವರೆಗೂ ಅವರಿಗೆ ಏನೂ ಕೇಳುತ್ತಿರಲಿಲ್ಲ. ಮೆಷಿನ್ ಇದ್ದರೂ ಕೇಳುತ್ತಿದ್ದುದು ಅಷ್ಟಕ್ಕಷ್ಟೆ, ಗದ್ದಲ ಜಾಸ್ತಿ, ಮಾತು ಕಮ್ಮಿ ಅನ್ನುತ್ತಿದ್ದರು. ಚಿಕ್ಕಂದಿನಲ್ಲಿ ಕುಣಿಗಲ್‌ನಲ್ಲಿ ಬಂದ ಜ್ವರವೊಂದು ಕಿವಿ ತೆಗೆದುಕೊಂಡು ಹೋಗಿತ್ತು.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಮೊಬೈಲ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಬೇರೆಯವರಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕೆಲಸ. ನಾನು ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹೊಸಬಳು, ಅವರು ಎಲ್ಲರಿಗಿಂತ ಹಳಬರು, ಅದಕ್ಕೇ ನನಗೆ ಅಕ್ಕ. ನನ್ನ ಕುರ್ಚಿ ಅವರ ಎದುರಿಗೇ ಇತ್ತು. ಏನಾದರೂ ಕೇಳಬೇಕಾದರೆ ಮೇಜು ತಟ್ಟಬೇಕು, ಅವರು ತಲೆಯೆತ್ತಿದ ಮೇಲೆ ತುಟಿ ಕಾಣುವಂತೆ ಮಾತಾಡಬೇಕು. ಅಷ್ಟು ತಾಳ್ಮೆ ಆಫೀಸಿನಲ್ಲಿ ಹೆಚ್ಚು ಜನಕ್ಕೆ ಇರಲಿಲ್ಲ. ಹಾಗಾಗಿ ಅಕ್ಕನ ಊಟ ಕಿಟಕಿಯ ಹತ್ತಿರ, ಒಬ್ಬರೇ. ಕರೆದರೂ ಬರುತ್ತಿರಲಿಲ್ಲ. ತಿನ್ನುವವರ ತುಟಿ ಓದೋದು ಕಷ್ಟ ಕಣೇ, ಎಲ್ಲರೂ ನಕ್ಕಾಗ ಯಾಕೆ ಅಂತ ಗೊತ್ತಾಗದೆ ನಾನೂ ನಗಬೇಕಾಗುತ್ತೆ ಎಂದು ಒಮ್ಮೆ ಹೇಳಿದ್ದರು.

ಅವರು ನನಗೆ ಮೊದಲು ಕಲಿಸಿದ್ದು ಪ್ಯಾರಾ ಟ್ಯಾಗಿನ ಕಾಟವನ್ನು. ಸೈಟ್ ನಡೆಸುವ ಸಾಫ್ಟ್‌ವೇರಿಗೆ ಒಂದು ಚಾಳಿ ಇದೆ. ಬರೆಯುವ ಪೆಟ್ಟಿಗೆಯಲ್ಲಿ ಎಂಟರ್ ಒತ್ತಿದರೆ ಸಾಕು, ಹೊಸ ಪ್ಯಾರಾ ಶುರುವಾಯಿತು ಅಂದುಕೊಂಡು ಹಿಂದೆಮುಂದೆ ತಾನೇ ಟ್ಯಾಗ್, ಅಂದರೆ ಪ್ಯಾರಾದ ಗುರುತು, ಹಾಕಿಬಿಡುತ್ತದೆ. ಪ್ಯಾರಾ ಅಂದಮೇಲೆ ಮೇಲೆ ಕೆಳಗೆ ಖಾಲಿ ಜಾಗ. ಬೇರೆ ಕಡೆಯಿಂದ ತಂದು ಪೇಸ್ಟ್ ಮಾಡಿದರಂತೂ ಒಳಗೆ ಒಂದಕ್ಷರವೂ ಇಲ್ಲದ ಖಾಲಿ ಪ್ಯಾರಾಗಳೂ ನುಸುಳುತ್ತವೆ. ನಾವು ಕೈಯಿಂದ ಅಳಿಸುತ್ತಿದ್ದೆವು. ಯಾರಾದರೂ ಪುಟ ತೆರೆದು ಮತ್ತೆ ಸೇವ್ ಮಾಡಿದರೆ ಅಷ್ಟೂ ವಾಪಸ್. ಅಕ್ಕ ಪರದೆಯ ಮೇಲೆ ಬೆರಳಿಟ್ಟು, ತಮ್ಮ ಏರಿಳಿತವಿಲ್ಲದ ದನಿಯಲ್ಲಿ, "ಕರೀದೇನೇ ಬಂದು ಕೂತವ್ನೆ ನೋಡು" ಅನ್ನುತ್ತಿದ್ದರು.

ಒಮ್ಮೆ ಊರೂರಿನ ಹಾಡುಗಳನ್ನು ಸೇರಿಸಿ ಸೈಟ್ ಮಾಡುವ ಕೆಲಸ ಬಂತು. ಸಿ.ಎಸ್. ಪುರದ ಅಜ್ಜಿಯೊಬ್ಬರು ಹೇಳಿದ ಸೋಬಾನೆ ಪದಗಳನ್ನು ರೆಕಾರ್ಡಿಂಗ್ ಕೇಳಿಕೊಂಡು ನಾನು ಟೈಪ್ ಮಾಡಿದೆ. ಸೇವ್ ಮಾಡಿ ನೋಡಿದರೆ ಒಂದೊಂದು ಸಾಲೂ ಒಂದೊಂದು ಪ್ಯಾರಾ ಆಗಿ ದೂರ ದೂರ ಕೂತಿತ್ತು. ಓನರ್ ಬಂದು ನೋಡಿ, ಓದೋಕೆ ಬರುತ್ತಲ್ಲ, ಸಾಕು ಬಿಡಿ, ಇದನ್ನೆಲ್ಲ ಯಾರು ನೋಡ್ತಾರೆ ಅಂದರು. ಅವರ ತುಟಿ ನೋಡುತ್ತಿದ್ದ ಅಕ್ಕ ಮೆಲ್ಲಗೆ ಹೇಳಿದರು.

"ನಾನು ನೋಡ್ತೀನಿ ಸಾರ್. ನೀವು ಕೇಳ್ಕೊಬಹುದು. ನನಗೆ ಹಾಡು ಅಂದ್ರೆ ಇಷ್ಟೇ, ಇಲ್ಲಿ ಕಾಣೋದು."

ಓನರ್ ಕೆಳಗಿಳಿದು ಹೋದರು. ಅಕ್ಕ ಅವತ್ತೇ ಕೂತು, ತಾನೇ ಪ್ಯಾರಾ ಹಾಕುವ ಆ ಚಾಳಿಯನ್ನು ಸೈಟಿಗೇ ಬಂದ್ ಮಾಡಿದರು. ಹಾಡೇನೋ ಕೂಡಿಕೊಂಡಿತು, ಆದರೆ ಅದೇ ಸೈಟಿನಲ್ಲಿದ್ದ ಲೇಖನಗಳೆಲ್ಲ ಪ್ಯಾರಾ ಕಳೆದುಕೊಂಡು ಒಂದೇ ಮುದ್ದೆಯಾದವು. ಬೈಗುಳ ಬಂತು. ಅವರು ಮಾರನೆಯ ದಿನ ಹಾಡಿನ ಪುಟಗಳಿಗೆ ಮಾತ್ರ ಆ ಬಂದ್ ತಗುಲುವಂತೆ ಬರೆದರು. ಸಾಲು ಮುಗಿದ ಕಡೆ ಜಾಗ ಬಿಡದ ಲೈನ್ ಬ್ರೇಕ್, ಕೆಲವು ಸಾಲು ಸೇರಿ ಒಂದು ನುಡಿ ಮುಗಿದ ಕಡೆ ಮಾತ್ರ ಪ್ಯಾರಾ. ನಾವೇ ಹಾಕಿದ್ದು, ಬೇಕಾದಷ್ಟೇ.

ಆದರೆ ನುಡಿ ಎಲ್ಲಿ ಮುಗಿಯುತ್ತದೆ? ರೆಕಾರ್ಡಿಂಗ್ ಕೇಳಿ ಹೇಳುತ್ತೇನೆ ಅಂದೆ. ನೀನು ಹೇಳ್ಬಹುದು, ನಾನು ನೋಡ್ಬೇಕು ಅಂದರು. ಭಾನುವಾರ ಅಕ್ಕ ಗುಬ್ಬಿಗೆ ಬಂದರು, ಅಲ್ಲಿಂದ ಇಬ್ಬರೂ ಬಸ್ಸಿನಲ್ಲಿ ಸಿ.ಎಸ್. ಪುರಕ್ಕೆ ಹೋದೆವು.

ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಅಕ್ಕನಿಗೆ ಕಿವಿ ಕೇಳಲ್ಲ ಎಂದು ನಾನು ಹೇಳಿದೆ. ಅಜ್ಜಿ ಕೈ ಒರೆಸಿಕೊಂಡು, ಅಕ್ಕನ ಕೈ ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಪದ ಹೇಳುತ್ತಾ ಅಂಗೈಗೆ ಮೆತ್ತಗೆ ತಟ್ಟತೊಡಗಿದರು. ನಾಲ್ಕು ಸಾಲು ಒಂದೇ ಸಮನೆ. ಆಮೇಲೆ ತಟ್ಟುವುದು ನಿಂತಿತು. ಅಜ್ಜಿ ಉಸಿರು ತಗೊಂಡರು. ಮತ್ತೆ ತಟ್ಟಿದರು. ಅಕ್ಕ ಒಮ್ಮೆ ತುಟಿ ನೋಡುವುದು, ಒಮ್ಮೆ ಅಂಗೈ ನೋಡುವುದು. ಪದ ಮುಗಿದರೂ ಅವರು ಕೈ ಹಿಂದಕ್ಕೆ ತಗೊಳ್ಳಲಿಲ್ಲ. ಅಜ್ಜಿಯೂ ಬಿಡಲಿಲ್ಲ. "ಇನ್ನೊಂದು ಹೇಳ್ಲೇನವ್ವ?" ಎಂದು ಕೇಳಿದರು. ಅಕ್ಕ ತಲೆಯಾಡಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಹೇಳಿದ್ದು ಇಷ್ಟೇ. "ಅಷ್ಟು ಹೊತ್ತು ಯಾರೂ ನನ್ನ ಕೈ ಹಿಡ್ಕೊಂಡಿರ್ಲಿಲ್ಲ ಕಣೇ, ಅಮ್ಮ ಹೋದ್ಮೇಲೆ."

ಕಳೆದ ಮಳೆಗಾಲದಲ್ಲಿ ಅಕ್ಕನಿಗೆ ಡೆಂಗಿ ಬಂತು. ಒಂಟಿ ರೂಮಿನಲ್ಲಿ ಮಲಗಿದ್ದವರು ಯಾರಿಗೂ ಹೇಳಿರಲಿಲ್ಲ. ಫೋನಿನಲ್ಲಿ ಮಾತಾಡುವಂತಿರಲಿಲ್ಲ, ಮೆಸೇಜ್ ಹಾಕಿ ತೊಂದರೆ ಕೊಡುವ ಸ್ವಭಾವ ಅವರದಲ್ಲ. ಆಫೀಸಿಗೆ ಬಾರದ್ದು ನೋಡಿ ನಾನು ಹೋಗಿ ಆಸ್ಪತ್ರೆಗೆ ಸೇರಿಸಿದೆ. ಅಷ್ಟರಲ್ಲಿ ಕೈಮೀರಿತ್ತು. ಅವರ ಅಣ್ಣ ಬಂದು ಕುಣಿಗಲ್‌ಗೆ ಕೊಂಡೊಯ್ದದ್ದು ದೇಹವನ್ನೇ.

ಅಕ್ಕನ ಉತ್ತರಕಾರ್ಯ ಶಿವಗಣಾರಾಧನೆಗೆ ಆಫೀಸಿನಿಂದ ನಾನೊಬ್ಬಳೇ ಹೋದೆ. ಊಟ ಆದಮೇಲೆ ಅಣ್ಣ ಬಂದು ಪಕ್ಕದಲ್ಲಿ ಕೂತರು. ನಮ್ಮ ತಂಗಿ ಅದೇನು ಕೆಲಸ ಮಾಡ್ತಿದ್ಲು ಅಂತ ನಮಗೆ ಸರಿಯಾಗಿ ಗೊತ್ತೇ ಆಗಲಿಲ್ಲ ಕಣಮ್ಮ ಅಂದರು. ನಾನು ಫೋನಿನಲ್ಲಿ ಅಜ್ಜಿಯ ಪದಗಳ ಪುಟ ತೆರೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಕೊನೆವರೆಗೂ ಓದಿದರು.

"ಚೆನ್ನಾಗೈತೆ. ಇದ್ರಲ್ಲಿ ಅವಳು ಮಾಡಿದ್ದು ಯಾವುದು?"

ಅಳಿಸಿದ್ದನ್ನು ಹೇಗೆ ತೋರಿಸಲಿ? ಹಾಡು ಹೀಗೆ ಕಾಣ್ತಿರೋದು ಅಕ್ಕನಿಂದ, ಅಣ್ಣ, ಅಂದೆ. ಅವರು ಮತ್ತೆ ಮೇಲಿನಿಂದ ನೋಡಿದರು, ನಿಧಾನವಾಗಿ. ಆಮೇಲೆ ಇದನ್ನ ನನಗೆ ಕಳಿಸಮ್ಮ, ನಮ್ಮ ಮನೆಯವರ ಗ್ರೂಪಿಗೆ ಹಾಕ್ತೀನಿ ಅಂದರು. ಅಕ್ಕ ಆ ಗ್ರೂಪಿನಲ್ಲಿ ಇದ್ದರಾ ಎಂದು ಕೇಳಿದೆ.

"ಇಲ್ಲ ಕಣಮ್ಮ," ಅವರು ಕನ್ನಡಕ ತೆಗೆದರು. "ಎಲ್ರೂ ಬರೀ ಮಾತಾಡಿ ರೆಕಾರ್ಡ್ ಮಾಡಿ ಕಳಿಸ್ತಾರೆ. ಅವಳಿಗೆ ಕೇಳಲ್ಲ, ಬೇಜಾರ್ ಮಾಡ್ಕೊತಾಳೆ ಅಂತ ನಾವೇ ಸೇರಿಸ್ಲಿಲ್ಲ."

ಲಿಂಕ್ ಕಳಿಸಿ, ನೀರು ಕುಡಿದು, ತುಮಕೂರಿನ ಬಸ್ಸು ಹತ್ತಿದೆ. ಇಂಥ ಮಾತನ್ನು ಹೇಳಿಕೊಳ್ಳಲು ನನಗೆ ಇದ್ದವರು ಅಕ್ಕ ಒಬ್ಬರೇ.