ತಳದಲ್ಲಿ ಬಳೆಯಿದ್ದ ತಂಬಿಗೆ

ಕಳೆದ ಭಾನುವಾರ ಪೇಟೆಯ ಹೊಸ ಚೌಕದಲ್ಲಿ ಹಳೆ ಸಾಮಾನು ಮಾರುವ ತಳ್ಳುಗಾಡಿಯ ಮುಂದೆ ನಿಂತಿದ್ದಾಗ ನನ್ನ ಕೈಗೊಂದು ತಾಮ್ರದ ತಂಬಿಗೆ ಸಿಕ್ಕಿತು. ಚಿಕ್ಕದು. ಬಾಯಿಯ ಹತ್ತಿರ ಹಗ್ಗ ಕಟ್ಟಲು ಕಿವಿ ಇದ್ದದ್ದು ಸರಿ, ಆದರೆ ತಳದ ಹೊರಗೂ ಬೆಸೆದ ಒಂದು ಬಳೆ. ತಳಕ್ಕೆ ಬಳೆ ಯಾಕೆಂದು ಮಾರುವವನಿಗೆ ಗೊತ್ತಿರಲಿಲ್ಲ. ಬಳ್ಳಿ ನೆಟ್ಟು ತೂಗುಹಾಕಬಹುದು, ಹೋಮ್‌ಸ್ಟೇಯವರು ಹಾಗೇ ಮಾಡುತ್ತಾರೆ ಅಂದ. ನಾನು ಅದನ್ನು ಮೂಗಿನ ಹತ್ತಿರ ಹಿಡಿದೆ. ಹುಣಸೆಹುಳಿ ಹಾಕಿ ತಿಕ್ಕಿದ ತಾಮ್ರದ ವಾಸನೆ… ಎದುರಂಗಡಿಯ ಅಜ್ಜನ ಜಗಲಿಯಲ್ಲಿ ದಿನಾ ಬೆಳಿಗ್ಗೆ ಇದೇ ವಾಸನೆ ಇರುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಸಂಶಯದ ಸ್ವಭಾವ. ಹೆಂಡತಿ ಅದನ್ನು ರೋಗ ಅನ್ನುತ್ತಾಳೆ. ಮೂಡುಬಿದಿರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಇಷ್ಟು ವರ್ಷ ಜನರ ಮುಖ ನೋಡಿದವನಿಗೆ ನಗುವವನು ಯಾಕೆ ನಗುತ್ತಾನೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಸ್ಟುಡಿಯೋದ ಗಾಜಿನ ಬಾಗಿಲಿಂದ ನೋಡಿದರೆ ಮೂರು ದಾರಿ ಕೂಡುವ ಜಾಗ, ನಡುವೆ ಕಲ್ಲಿನ ಕಟ್ಟೆಯ ಬಾವಿ, ಅದರಾಚೆ ಅಜ್ಜನ ಅಂಗಡಿ. ಬಸದಿಗೆ ಹೋಗುವವರಿಗೆ ಬೇಕಾದ ಅಕ್ಕಿ, ಗಂಧ, ಊದುಬತ್ತಿ, ದೀಪದ ಬತ್ತಿ, ಇಷ್ಟೇ ಅಲ್ಲಿನ ವ್ಯಾಪಾರ. ಜಗಲಿಯ ಮೇಲೆ ಒಂದು ಕೊಡ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು. ಪುತ್ತಿಗೆ ಬಸ್ಸಿಗೆ ಕಾಯುವವರು, ಬಿಸಿಲಲ್ಲಿ ಬಸದಿ ನೋಡಿ ಸುಸ್ತಾದವರು, ಯಾರು ಬಂದರೂ ಬೆಲ್ಲ ನೀರು. ಪ್ರವಾಸಿಗಳಲ್ಲಿ ಕೆಲವರು ತಮ್ಮ ಬಾಟಲಿಯನ್ನು ಗಟ್ಟಿ ಹಿಡಿದುಕೊಂಡು ಆ ಕೊಡವನ್ನು ಹೆದರಿಕೆಯಿಂದ ನೋಡುತ್ತಿದ್ದರು. ನಾನೂ ಎಷ್ಟೋ ಸಲ ಕುಡಿದಿದ್ದೇನೆ. ಕುಡಿಯುವಾಗ, ಇಷ್ಟು ಉಪಚಾರ ಮಾಡುವವರಿಗೆ ಒಳಗೊಳಗೆ ಏನೋ ಲೆಕ್ಕಾಚಾರ ಇರಬೇಕು ಎಂದೂ ಅಂದುಕೊಂಡಿದ್ದೇನೆ.

ಪೇಟೆಯನ್ನು ಚಂದ ಮಾಡುವ ಮಾತು ಹೊರಟದ್ದು ಆ ದಿನಗಳಲ್ಲಿ. ಬಸದಿ ನೋಡಲು ಬಂದವರು ಅರ್ಧ ಗಂಟೆಯಲ್ಲಿ ಬಸ್ಸು ಹತ್ತಿ ಹೋಗುತ್ತಾರೆ, ಅವರು ಕೂರಲಿಕ್ಕೆ, ತಿರುಗಾಡಲಿಕ್ಕೆ ಜಾಗ ಬೇಕು ಎಂದು ಒಂದು ಸಮಿತಿ ಆಯಿತು. ಅವರು ತಂದ ನಕ್ಷೆಯ ಹಾಳೆಯಲ್ಲಿ ನುಣ್ಣನೆಯ ಚೌಕ, ಸಾಲು ದೀಪ, ಬೆಲೂನು ಹಿಡಿದ ಮಕ್ಕಳು, ಬೆಲ್ಟು ಕಟ್ಟಿದ ನಾಯಿಯೊಂದಿಗೆ ಒಬ್ಬಳು ಹೆಂಗಸು. ನಮ್ಮ ಪೇಟೆಯಲ್ಲಿ ಹಾಗೆ ನಾಯಿ ಹಿಡಿದು ನಡೆದವರನ್ನು ನಾನು ಕಂಡವನಲ್ಲ. ಇದರಲ್ಲಿ ಯಾರಿಗೋ ಏನೋ ಇದೆ ಎಂದು ನನಗೆ ಆಗಲೇ ಅನ್ನಿಸಿತ್ತು. ಆದರೆ ಚೌಕದ ಮುಖ ನೇರ ನನ್ನ ಸ್ಟುಡಿಯೋದ ಕಡೆಗೇ ಬರುತ್ತದೆ ಎಂದು ತಿಳಿದ ದಿನ ಆ ಸಂಶಯ ಹೇಗೋ ತಣ್ಣಗಾಯಿತು.

ತಣ್ಣಗಾದದ್ದು ಸತ್ತಿರಲಿಲ್ಲ, ದಾರಿ ದಾಟಿ ಅಜ್ಜನ ಕಡೆಗೆ ಹೋಯಿತು. ಚೌಕಕ್ಕಾಗಿ ಬಾವಿ ಮುಚ್ಚುವ ಒಪ್ಪಿಗೆ ಪತ್ರಕ್ಕೆ ಸುತ್ತಿನ ಎಲ್ಲ ಅಂಗಡಿಯವರೂ ಸಹಿ ಹಾಕಿದ್ದರು, ಅವರೊಬ್ಬರು ಹಾಕಲಿಲ್ಲ. ಚೌಕ ಮಾಡಿ, ಬಾವಿ ಇರಲಿ ಎನ್ನುವುದಷ್ಟೇ ಅವರ ಮಾತು. ಮನೆಮನೆಗೆ ನಲ್ಲಿ ಬಂದ ಮೇಲೂ ಬಾವಿಗೆ ಯಾಕೆ ಇಷ್ಟು ಹಟ? ನಾನು ಗಾಜಿನ ಹಿಂದೆ ಕೂತು ಕಣ್ಣಿಡಲು ಶುರುಮಾಡಿದೆ.

ಬೆಳಿಗ್ಗೆ ಅವರು ಬಾವಿಯಿಂದ ನೀರು ಸೇದುತ್ತಿದ್ದರು. ಜಗಲಿಯಲ್ಲಿ ಕೊಡದ ಬಾಯಿಗೆ ಎರಡು ಮಡಿಕೆಯ ಬಿಳಿ ಬಟ್ಟೆ ಕಟ್ಟಿ ಸೋಸುತ್ತಿದ್ದರು. ಜೈನರು ನೀರು ಸೋಸಿಯೇ ಕುಡಿಯುತ್ತಾರೆಂದು ಊರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಆಮೇಲಿನದ್ದೇ ನನಗೆ ವಿಚಿತ್ರವಾಗಿ ಕಂಡದ್ದು. ಆ ಬಟ್ಟೆಯನ್ನು ಮಗುಚಿ, ಚಿಕ್ಕ ತಂಬಿಗೆಯೊಂದರ ಮೇಲೆ ಹಿಡಿದು ನೀರು ಹೊಯ್ದು ತೊಳೆಯುತ್ತಿದ್ದರು. ಮತ್ತೆ ಆಚೆ ಈಚೆ ನೋಡಿ ದಾರಿಗಿಳಿದು, ತಂಬಿಗೆಯನ್ನು ಎರಡು ಹಗ್ಗದಲ್ಲಿ ಬಾವಿಗೆ ಇಳಿಸುತ್ತಿದ್ದರು. ಬಟ್ಟೆ ತೊಳೆದ ನೀರು, ಊರ ಬಾವಿಗೆ! ಸಿಕ್ಕಿಬಿದ್ದರು ಎಂದು ನನಗೆ ಖುಷಿಯೇ ಆಯಿತು. ಆಚೆ ಈಚೆ ನೋಡುವುದು ಬೈಕಿನವರಿಗೆ ಹೆದರಿ ಇರಬಹುದು ಎಂದು ನನ್ನಂಥವನಿಗೆ ಹೊಳೆಯುವುದು ಹೇಗೆ?

ಉದ್ದ ಲೆನ್ಸು ಹಾಕಿ ಫೋಟೋ ತೆಗೆದೆ. ಮದುವೆ ಫೋಟೋಕ್ಕೂ ಅಷ್ಟು ಕಾಳಜಿ ಮಾಡಿದವನಲ್ಲ ನಾನು. ಬಟ್ಟೆ ತೊಳೆಯುವ ಕೈ, ತಂಬಿಗೆ, ಬಾವಿಕಟ್ಟೆ, ಮೂರೂ ಸ್ಪಷ್ಟ. ದೊಡ್ಡದಾಗಿ ಪ್ರಿಂಟು ಹಾಕಿ ಸಮಿತಿಯವರಿಗೆ ಕೊಟ್ಟೆ.

ಸಭೆ ನಡೆದದ್ದು ಶಾಲೆಯ ಒಂದು ಕೋಣೆಯಲ್ಲಿ. ಸಮಿತಿಯ ಅಧ್ಯಕ್ಷರು ಫೋಟೋವನ್ನು ಎತ್ತಿ ತೋರಿಸಿ, ಇದಕ್ಕೆ ಏನು ಹೇಳುತ್ತೀರಿ ಎಂದು ಅಜ್ಜನನ್ನು ಕೇಳಿದರು. ತೆಗೆದದ್ದು ಯಾರೆಂದು ಅಜ್ಜ ಕೇಳಲಿಲ್ಲ. ಎದ್ದು ನಿಂತರು. ನಮ್ಮೊಡನೆ ಸದಾ ತುಳುವಿನಲ್ಲೇ ಮಾತಾಡುತ್ತಿದ್ದವರು ಅಂದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಒಂದೊಂದೇ ಶಬ್ದ ಇಟ್ಟು ಹೇಳಿದರು.

“ಸೋಸುವಾಗ ನೀರಿನ ಸಣ್ಣ ಜೀವಗಳು ಬಟ್ಟೆಯಲ್ಲಿ ಉಳಿಯುತ್ತವೆ. ಅವನ್ನು ಕೊಲ್ಲುವ ಹಾಗಿಲ್ಲ, ಬೇರೆ ನೀರಿಗೆ ಬಿಡುವ ಹಾಗೂ ಇಲ್ಲ. ಯಾವ ನೀರಿನದ್ದೋ ಆ ನೀರಿಗೇ ಹೋಗಬೇಕು. ಮೇಲಿಂದ ಹೊಯ್ದರೆ ಪೆಟ್ಟಾಗ್ತದೆ, ಅದಕ್ಕೆ ತಂಬಿಗೆಯ ತಳದಲ್ಲಿ ಒಂದು ಬಳೆ ಉಂಟು. ನೀರು ಮುಟ್ಟಿದ ಮೇಲೆ ತಳದ ಹಗ್ಗ ಎಳೆದರೆ ತಂಬಿಗೆ ಮೆಲ್ಲ ಮಗುಚಿಕೊಳ್ತದೆ. ಬನ್ನಿ, ನಾಳೆ ಹತ್ತಿರದಿಂದ ನೋಡುವ.”

ಹಿಂದಿನ ಬೆಂಚಿನಲ್ಲಿದ್ದ ಇಬ್ಬರು ಹಿರಿಯರು ತಲೆಯಾಡಿಸಿದರು. ಅಧ್ಯಕ್ಷರು ನಕ್ಕು, ನಂಬಿಕೆ ಬೇರೆ, ಆರೋಗ್ಯ ಬೇರೆ, ಪ್ರವಾಸಿಗಳು ಇದನ್ನು ಕಂಡರೆ ಏನು ತಿಳಿದುಕೊಳ್ಳುತ್ತಾರೆ ಅಂದರು. ಸಮಿತಿಗೆ ಬೇಕಾಗಿದ್ದದ್ದು ಒಂದು ಕಾರಣ, ಅದನ್ನು ನಾನು ಕೊಟ್ಟಿದ್ದೆ. ಅಷ್ಟು ಹೊತ್ತಿಗೆ ನನಗೆ ಎಲ್ಲ ಅರ್ಥವಾಗಿತ್ತು. ಫೋಟೋ ನನ್ನದು, ನಾನು ತಪ್ಪು ತಿಳಿದೆ ಎಂದು ಎದ್ದು ಹೇಳಿದ್ದರೆ ಬಾವಿ ಉಳಿಯುತ್ತಿತ್ತೋ ಏನೋ… ನಾನು ಏಳಲಿಲ್ಲ. ಚೌಕದ ಮುಖ ನನ್ನ ಬಾಗಿಲಿಗೆ ಬರುವುದಿತ್ತಲ್ಲ.

ಬಾವಿ ಮುಚ್ಚುವ ಕೆಲಸದವರು ಬಂದದ್ದು ಹೇಳಿದ್ದಕ್ಕಿಂತ ಒಂದು ದಿನ ಮೊದಲು. ಅಜ್ಜ ಎಂದಿನಂತೆ ನೀರು ಸೇದಿ ಜಗಲಿಗೆ ಒಯ್ದು, ಬೆನ್ನು ಹಾಕಿ ಕೂತು ಸೋಸುತ್ತಿದ್ದರು. ಕಿವಿ ಮಂದವಾಗಿತ್ತು ಅವರಿಗೆ. ಇತ್ತ ಕ್ರೇನು ಬಂದು ಕಾಂಕ್ರೀಟಿನ ಚಪ್ಪಡಿಯನ್ನು ಬಾವಿಯ ಮೇಲೆ ಇಳಿಸಿಯೇ ಬಿಟ್ಟಿತು. ಅವರು ತಂಬಿಗೆ ಹಿಡಿದು ಇಳಿದು ಬಂದಾಗ ಮೇಸ್ತ್ರಿ ಅಂಚಿಗೆ ಸಿಮೆಂಟು ಮೆತ್ತುತ್ತಿದ್ದ. ಅಜ್ಜ ಅವನೊಡನೆ ಏನೋ ಕೇಳಿದರು. ಅವನು ತಲೆಯಲ್ಲಾಡಿಸಿದ. ಅಜ್ಜ ದಾರಿ ದಾಟಿ ನೇರ ನನ್ನ ಬಾಗಿಲಿಗೆ ಬಂದರು. ತಂಬಿಗೆಯ ಬಾಯಿಯ ಮೇಲೆ ಇನ್ನೊಂದು ಅಂಗೈ ಮುಚ್ಚಿಕೊಂಡಿದ್ದರು.

“ಇದನ್ನು ಈಗ ಎಲ್ಲಿ ಬಿಡುವುದು ಮಾರಾಯ್ರೆ?”

ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಿಜವಾಗಿ ಉತ್ತರ ಬೇಕಾಗಿ ಕೇಳಿದ್ದರು. ನಾನು ಫೋನು ಬಂದವರ ಹಾಗೆ ಮೊಬೈಲು ಕಿವಿಗಿಟ್ಟುಕೊಂಡು ಒಳಗಿನ ಕೋಣೆಗೆ ಹೋದೆ. ತಿರುಗಿ ಬಂದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಆ ನೀರನ್ನು ಅವರು ಎಲ್ಲಿ ಬಿಟ್ಟರೋ… ಊರವರ ಮೇಲೆಲ್ಲ ಕಣ್ಣಿಟ್ಟವನಿಗೆ ಅದೊಂದು ಮಾತ್ರ ಇಂದಿಗೂ ಗೊತ್ತಿಲ್ಲ.

ಆ ತಿಂಗಳೇ ಅಂಗಡಿ ಮುಚ್ಚಿ ವೇಣೂರಿನಲ್ಲಿದ್ದ ಮಗಳ ಮನೆಗೆ ಹೋದರು. ಎರಡು ಮಳೆಗಾಲ ಕಳೆದ ಮೇಲೆ ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು?

ತಳ್ಳುಗಾಡಿಯ ತಂಬಿಗೆ ಅವರದ್ದೇ ಎಂದು ಆಣೆ ಮಾಡಿ ಹೇಳಲಾರೆ. ಮಾರುವವನು ಯಾವುದೋ ಹಳೆ ಮನೆಯದ್ದು ಅಂದ, ಅದನ್ನೂ ನಾನು ನಂಬಿಲ್ಲ. ಅವನು ಹೇಳಿದಷ್ಟು ಕೊಟ್ಟು ಕೊಂಡೆ. ಚೌಕ ಈಗ ನಕ್ಷೆಯಲ್ಲಿದ್ದ ಹಾಗೇ ಇದೆ. ದೀಪಗಳಿವೆ, ಬೆಲೂನು ಹಿಡಿದ ಮಕ್ಕಳೂ ಇದ್ದಾರೆ, ಸಂಜೆ ನಾಯಿ ಹಿಡಿದುಕೊಂಡು ಒಬ್ಬಳು ಬರುತ್ತಾಳೆ. ಚಂದ ಇಲ್ಲ ಎನ್ನಲಾರೆ. ಪ್ರವಾಸಿಗಳು ಬಂದರು, ಕೈಯಲ್ಲೊಂದು ಕ್ಯಾಮರಾ ಫೋನು ಹಿಡಿದೇ ಬಂದರು. ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ನನ್ನ ಬಾಗಿಲು ತಳ್ಳುವವರಿಲ್ಲ.

ಬಾವಿಯ ಚಪ್ಪಡಿಯ ಮೇಲೆ ಈಗ ದುಂಡಗಿನ ಗ್ರಾನೈಟ್ ಬೆಂಚು. ತಂಬಿಗೆ ಕೊಂಡ ಭಾನುವಾರ ಅದರ ಮೇಲೆ ಗಂಡ ಹೆಂಡತಿ ಇಬ್ಬರು ಕೂತಿದ್ದರು. ನನ್ನನ್ನು ಕಂಡು, “ಅಂಕಲ್, ಒಂದು ಫೋಟೋ ತೆಗೆದುಕೊಡ್ತೀರಾ?” ಎಂದು ಫೋನು ಚಾಚಿದರು. ತಂಬಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಫೋನು ಹಿಡಿದೆ. ಚೌಕಟ್ಟಿನೊಳಗೆ ಅವರ ನಗು, ಅದರ ಕೆಳಗೆ ಆ ದುಂಡು ಕಲ್ಲು. ಬೆರಳು ಒತ್ತಲಾಗಲಿಲ್ಲ.

“ಸ್ವಲ್ಪ ಎದ್ದು ನಿಲ್ಲಿ. ನೀವು ಕೂತ ಕಲ್ಲಿನ ಕೆಳಗೆ ಬಾವಿ ಉಂಟು. ಅದನ್ನು ಮುಚ್ಚಿಸಿದ್ದು ನಾನು,” ಅಂದೆ.

ಅವರು ಎದ್ದರು. ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಆ ಹೆಂಗಸು ಮೆಲ್ಲನೆ ಕೈ ಚಾಚಿ ಫೋನನ್ನು ನನ್ನಿಂದ ತೆಗೆದುಕೊಂಡಳು. ಹೋಗುತ್ತ ಹೋಗುತ್ತ ಎರಡು ಸಲ ತಿರುಗಿ, ನಾನು ಅಜ್ಜನನ್ನು ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡಿದರು.