ಓದಿ ಹೇಳಲಾಯಿತು

ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ಜಗಳ ಕಾಯುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಹೆಂಡತಿಯಂತೂ ನನ್ನ ಜೊತೆ ಹೋಟೆಲಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಮಾಣಿ ಬೇರೆ ಭಾಷೆಯಲ್ಲಿ ಬಾಯಿ ತೆರೆದರೆ, ದೋಸೆ ಆರುವವರೆಗೂ ನನ್ನ ಭಾಷಣ ನಿಲ್ಲುವುದಿಲ್ಲ. ಮೊನ್ನೆ ಬ್ಯಾಂಕಿನಲ್ಲೂ ಅದೇ ಆಯಿತು. ಕೌಂಟರಿನ ಹುಡುಗಿ ಕೊಟ್ಟ ಫಾರಂನಲ್ಲಿ ಇಂಗ್ಲಿಷಿತ್ತು, ಹಿಂದಿಯಿತ್ತು, ಕನ್ನಡ ಇರಲಿಲ್ಲ. "ನನ್ನ ರಾಜಧಾನಿಯಲ್ಲಿ ನನಗೆ ತಿಳಿಯದ ಕಾಗದಕ್ಕೆ ನಾನೇಕೆ ಸಹಿ ಹಾಕಲಿ?" ಎಂದು ಗುಡುಗಿದೆ. ಹಿಂದೆ ನಿಂತಿದ್ದವರು ತಲೆದೂಗಿದರು. ನಾನು ಮಾತ್ರ ನಾಲಿಗೆ ಕಚ್ಚಿಕೊಂಡೆ. ಅದು ಮಾರ್ಟಳ್ಳಿಯ ಅಂತೋಣಿಯಮ್ಮ ನನಗೆ ಹೇಳಬೇಕಾಗಿದ್ದ ಮಾತು.

ಎಂಬತ್ತರ ದಶಕದಲ್ಲಿ ತಮಿಳುನಾಡಿನ ಗಡಿಗೆ ಹೊಂದಿಕೊಂಡ ಹನೂರು ಸೀಮೆಯ ಒಂದು ಸಣ್ಣ ಕಂದಾಯ ಕಚೇರಿಯಲ್ಲಿ ನಾನು ಗುಮಾಸ್ತ. ಊರು ಕೌದಳ್ಳಿ. ಅಪ್ಪನ ಅಂಗಡಿಗೆ ಬರುತ್ತಿದ್ದವರಲ್ಲಿ ಅರ್ಧ ಜನ ತಮಿಳು ಮಾತಿನವರು. ಬೆಲ್ಲ ತೂಗುತ್ತ ತೂಗುತ್ತಲೇ ನನಗೂ ತಮಿಳು ಬಂದಿತ್ತು. ಆದರೆ ಸರ್ಕಾರಿ ಕುರ್ಚಿಯಲ್ಲಿ ಕೂತ ದಿನವೇ ಅದು ಮರೆತುಹೋಯಿತು! ಕಚೇರಿಯಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಕೂಡದೆಂದು ಶಪಥ ಮಾಡಿದ್ದೆ. ಹಾಗೆ ನಾನು ಕಾವಲು ಕಾಯುತ್ತಿದ್ದ ಅರ್ಜಿ, ಹಾಜರಿ, ಜಮೀನು, ಸದರಿಗಳೆಲ್ಲ ಅರಬ್ಬಿ ಪಾರಸಿಗಳಿಂದ ಬಂದ ನೆಂಟರೆಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅಂತೋಣಿಯಮ್ಮ ಹತ್ತಿರದ ಮಾರ್ಟಳ್ಳಿಯಿಂದ ಮೈದುನನ ಜೊತೆ ಬಂದಳು. ಜಮೀನಿನ ಖಾತೆ ತನ್ನ ಹೆಸರಿಗಾಗುತ್ತದೆಂದು ಅವಳು ನಂಬಿದ್ದಳು. ಮೈದುನ ಬರೆಸಿ ತಂದ ಹೇಳಿಕೆಯಲ್ಲಿ ಇದ್ದದ್ದು, ಜಮೀನು ಅವನಿಗೇ ಸೇರಲು ಅವಳ ಒಪ್ಪಿಗೆ. ಹೆಬ್ಬೆಟ್ಟಿನವರಿಗೆ ಹೇಳಿಕೆಯನ್ನು ಓದಿ ತಿಳಿಸಬೇಕೆಂಬುದು ಕಚೇರಿಯ ಪದ್ಧತಿ. ನಾನು ಗಂಭೀರ ಕನ್ನಡದಲ್ಲಿ ಗಡಗಡನೆ ಓದಿದೆ.

"ತಮಿಳ್ಲೆ ಸೊಲ್ಲುಂಗೊ ಸಾಮಿ" ಎಂದಳು.

"ಇದು ಕರ್ನಾಟಕ ಕಣಮ್ಮ."

"ನಾನ್ ಏಳ್ತೀನಿ ಬುಡಿ ಸಾ" ಎಂದ ಮೈದುನ, ಅವಳ ಕಡೆ ತಿರುಗಿ, "ಎಲ್ಲಾಂ ಸರಿ, ಕೈ ವೈ" ಎಂದ. ಎಲ್ಲ ಸರಿಯಿದೆ, ಬೆಟ್ಟು ಒತ್ತು ಎಂದಷ್ಟೇ. ಅವನು ಏನನ್ನೂ ತಿಳಿಸಲಿಲ್ಲವೆಂದು ನನಗೆ ಗೊತ್ತಾಯಿತು. ಆದರೆ ತಮಿಳು ಬಾರದವನಿಗೆ ಅದು ಹೇಗೆ ಗೊತ್ತಾಗಬೇಕು? ಮಸಿಯ ಡಬ್ಬಿಯನ್ನು ಅವಳ ಮುಂದೆ ಸರಿಸಿದೆ. ಅವಳು ಬೆಟ್ಟು ಒತ್ತಿದಳು. "ಓದಿ ಹೇಳಲಾಯಿತು, ಸರಿಯಿದೆಯೆಂದು ಒಪ್ಪಿದರು" ಎಂದು ಕೆಳಗೆ ದುಂಡಗೆ ಬರೆದು ಸಹಿ ಹಾಕಿದೆ.

ಕೆಲವು ತಿಂಗಳ ಮೇಲೆ ಅವಳು ಒಬ್ಬಳೇ ಬಂದು ನನ್ನ ಮೇಜಿನ ಮುಂದೆ ನಿಂತಳು. "ಕನ್ನಡದಲ್ಲೇ ಕೇಳ್ತೀನಿ ಸಾಮಿ. ನನ್ ನೆಲ ಎಲ್ಲೋಯ್ತು?" ಯಾರಿಂದಲೋ ಕಲಿತು, ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳೆಂದು ಕಾಣುತ್ತದೆ. ಗಾಬರಿಯಲ್ಲಿ ನಾನು, ಮೇಲಿನ ಕಚೇರಿಗೆ ಅರ್ಜಿ ಹಾಕಮ್ಮ ಎಂದು ತಮಿಳಿನಲ್ಲೇ ಹೇಳಿಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು. "ಉಂಗಳುಕ್ಕು ತಮಿಳ್ ತೆರಿಯುಮಾ ಸಾಮಿ?" ನಿಮಗೆ ತಮಿಳು ಬರುತ್ತದೆಯೇ ಎಂದಷ್ಟೇ ಕೇಳಿದಳು.

ಮೇಲಿನ ಕಚೇರಿಯಲ್ಲೂ ಅವಳು ಸೋತಳು. ನಾನು ದುಂಡಗೆ ಬರೆದಿದ್ದ ಸಾಲೇ ಅವಳಿಗೆ ಅಡ್ಡ ಬಂದಿತಂತೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಬ್ಯಾಂಕಿನಲ್ಲಿ ಕನ್ನಡ ಬೇಕೆಂದು ನಾನು ಕೇಳಿದ್ದು ತಪ್ಪೇನಲ್ಲ, ನಾಳೆಯೂ ಕೇಳುತ್ತೇನೆ. ಆದರೆ ಆ ದಿನ ದನಿ ಇಳಿಯಿತು. ಉತ್ತರದ ಯಾವುದೋ ಊರಿನ ಆ ಹುಡುಗಿ ಫಾರಂ ತನ್ನ ಕಡೆ ಎಳೆದುಕೊಂಡು, "ಸಾರ್, ನಾನು ಓದುತ್ತಾಳೆ, ನೀವು ಕೇಳಿ" ಎಂದಳು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿ ನಿಲ್ಲಿಸಿ, "ಅರ್ಥ ಆಯ್ತಾ ಸಾರ್?" ಎಂದು ಕೇಳಿದಳು. ಅವಳ ಕನ್ನಡದಲ್ಲಿ ಹೆಜ್ಜೆಗೊಂದು ತಪ್ಪಿತ್ತು. ಅಂತೋಣಿಯಮ್ಮನಿಗೆ ನಾನು ಓದಿದ ಕನ್ನಡದಲ್ಲಿ ಒಂದು ತಪ್ಪೂ ಇರಲಿಲ್ಲ.